ಮೊದಲ ಸಲ ಕುರಿಯ ಉಣ್ಣೆ ಕತ್ತರಿಸುವಾಗ ಎಡಗೈ ಏನು ಮಾಡಬೇಕು?

ಪ್ರಶ್ನೆ: ನಮ್ಮದು ಕಡೂರು ತಾಲ್ಲೂಕು, ಯಗಟಿ ಕಡೆ. 28 ಕುರಿ, ಎರಡು ಟಗರು ಇವೆ. ವರ್ಷವರ್ಷ ಬಂದು ಉಣ್ಣೆ ಕತ್ತರಿಸಿ ಹೋಗುತ್ತಿದ್ದ ಹಿರಿಯರಿಗೆ ಈಗ ಕೈಲಾಗುವುದಿಲ್ಲ. ಅವರ ಮಕ್ಕಳು ಈ ಕೆಲಸ ಬಿಟ್ಟು ಬೆಂಗಳೂರು ಸೇರಿದ್ದಾರೆ. ಈ ಸಲ ನಾನೇ ಕತ್ತರಿ ಹಿಡಿಯೋಣ ಅಂತಿದ್ದೇನೆ. ಕೈಕತ್ತರಿ ಸಾಕೇ, ಮೆಷಿನ್ ತರಬೇಕೇ? ಚರ್ಮ ಕುಯ್ದುಕೊಳ್ಳದಂತೆ ಕತ್ತರಿಸುವುದು ಹೇಗೆ? ಅಲ್ಪಾಕಾ ಅನ್ನುವ ಪ್ರಾಣಿಯ ಕಾಲುಗಳನ್ನು ಹಗ್ಗದಿಂದ ಹಿಂದಕ್ಕೂ ಮುಂದಕ್ಕೂ ಎಳೆದು ಮಲಗಿಸಿ ಕತ್ತರಿಸುವ ವಿಡಿಯೊ ನೋಡಿದೆ. ಕುರಿಗೂ ಹಾಗೇ ಮಾಡಬಹುದೇ?

ಉತ್ತರ: ಕತ್ತರಿ ಕೊಳ್ಳುವ ಮೊದಲು ನಿಮ್ಮ ರೊಪ್ಪದಲ್ಲಿರುವುದು ಎಂಥ ಕುರಿ ಅಂತ ಒಮ್ಮೆ ನೋಡಿ. ಅರಸೀಕೆರೆ, ಕಡೂರು ಬಯಲಿನ ಹಳೆಯ ಮಂದೆಗಳಲ್ಲಿ ಹಾಸನ ತಳಿ ಮತ್ತು ಡೆಕ್ಕನಿ ಕುರಿಗಳೇ ಹೆಚ್ಚು. ಇವಕ್ಕೆ ಕತ್ತರಿ ಹಾಕಲೇಬೇಕು. ಬನ್ನೂರು ಕುರಿ ಅಥವಾ ಯಳಗ ತಳಿಯ ರಕ್ತ ಬೆರೆತ ಮಂದೆಯಾದರೆ ಮೈಮೇಲೆ ಇರುವುದು ಉಣ್ಣೆಗಿಂತ ಕೂದಲೇ ಹೆಚ್ಚು. ಅಂಥವನ್ನು ಬೋಳಿಸಿ ಪ್ರಯೋಜನವಿಲ್ಲ. ಪಕ್ಕೆಯ ಮೇಲೆ ಉಣ್ಣೆಯನ್ನು ಎರಡು ಕೈಯಿಂದ ಸೀಳಿ ಬಿಡಿಸಿ ನೋಡಿ. ಎರಡು ಬೆರಳಗಲದಷ್ಟು ಉದ್ದ ಬಂದು ಒತ್ತಾಗಿದ್ದರೆ ಕತ್ತರಿಸಲು ಹದ. ಬೆರಳುಗುರಿನಷ್ಟೇ ಇದ್ದರೆ ಬಿಡಿ. ಹಾಸನ ತಳಿಯ ಉಣ್ಣೆ ಬಿಳಿ, ಬಹಳ ಒರಟು, ಬಿಡಿಬಿಡಿ. ಹೊಟ್ಟೆಗೆ, ಕಾಲಿಗೆ ಸಾಮಾನ್ಯವಾಗಿ ಉಣ್ಣೆಯೇ ಇರುವುದಿಲ್ಲ. ಕಲಿಯುವವರಿಗೆ ಇದು ದೊಡ್ಡ ಅನುಕೂಲ. ಚರ್ಮ ಬೇಗ ಹರಿಯುವುದು ಆ ಎರಡು ಜಾಗದಲ್ಲೇ. ಅಲ್ಲಿ ನಿಮಗೆ ಕೆಲಸವೇ ಕಡಿಮೆ.

ಕಾಲದ ಲೆಕ್ಕ. ಶಿವರಾತ್ರಿ ಕಳೆದು ಯುಗಾದಿಯೊಳಗೆ ಮುಗಿಸಿಕೊಳ್ಳಿ. ಆಗ ಚಳಿ ಹಿಂದಾಗಿರುತ್ತದೆ, ಬಿಸಿಲು ಏರುತ್ತಿರುತ್ತದೆ, ಮೈ ಒಣಗಿರುತ್ತದೆ. ವರ್ಷದಲ್ಲಿ ಎರಡನೆಯ ಸಲ ಕತ್ತರಿಸುವುದಾದರೆ ಹೀಗೆ ಹಬ್ಬ ಹಿಡಿದು ಹೇಳಲಾಗದು. ಪುಸ್ತಕಗಳು ಸೆಪ್ಟೆಂಬರ್, ಅಕ್ಟೋಬರ್ ಅನ್ನುತ್ತವೆ. ಆದರೆ ಕಡೂರಿನ ಬಯಲಿಗೆ ಒಳ್ಳೆಯ ಮಳೆ ಬೀಳುವುದೇ ಆ ತಿಂಗಳುಗಳಲ್ಲಿ. ಮಳೆ ನಡುವೆ ಹತ್ತು ಹದಿನೈದು ದಿನ ಬಿಡುವು ಸಿಕ್ಕಿದರೆ ಕತ್ತರಿಸಿ. ಇಲ್ಲದಿದ್ದರೆ ಆ ಕಟಾವನ್ನೇ ಬಿಟ್ಟುಬಿಡಿ. ಮಾಗಿ ಚಳಿ ಶುರುವಾಗುವ ಹೊತ್ತಿಗೆ ಮೈಮೇಲೆ ಒಂದು ಬೆರಳಗಲವಾದರೂ ಉಣ್ಣೆ ಬಂದಿರಬೇಕು. ಮೊದಲ ಸಲ ಕೈ ಹಾಕುವವರಿಗಂತೂ ಶಿವರಾತ್ರಿಯ ನಂತರದ ಕಟಾವೇ ಸರಿ. ಗಾಯವಾದರೂ ಬೇಗ ಒಣಗುತ್ತದೆ.

ಗಬ್ಬದ ಕುರಿಗಳನ್ನು ಲೆಕ್ಕ ಹಾಕಿ ಬೇರೆ ಮಾಡಿ. ಕುರಿಯ ಗಬ್ಬ ಸುಮಾರು 150 ದಿನ. ಕೊನೆಯ ಒಂದೂವರೆ ತಿಂಗಳಲ್ಲಿ ಇರುವುದನ್ನು ಹಿಡಿದು ಮಗುಚಬೇಡಿ. ಈದ ಮೇಲೆ ಮರಿ ಒಂದು ತಿಂಗಳಿನದಾಗುವ ತನಕ ತಾಯಿಯನ್ನೂ ಬಿಡಿ. ಜ್ವರ, ಕೆಮ್ಮು, ಭೇದಿ ಇರುವುದು ಈ ಸಲಕ್ಕೆ ಬೇಡ.

ಹಿಂದಿನ ದಿನ ಸಂಜೆ ಮೇಯಿಸಿ ತಂದ ಮೇಲೆ ಮೇವು ಹಾಕಬೇಡಿ, ಬೆಳಿಗ್ಗೆ ನೀರೂ ಬೇಡ. ಸುಮಾರು 12 ಗಂಟೆ ಹೊಟ್ಟೆ ಖಾಲಿ ಇರಬೇಕು. ಇದು ಬರೀ ಶಾಸ್ತ್ರಕ್ಕಲ್ಲ. ತುಂಬಿದ ಹೊಟ್ಟೆಯ ಕುರಿಯನ್ನು ಕೂರಿಸಿದರೆ, ಮಲಗಿಸಿದರೆ, ಮೇವಿನ ಭಾರವೆಲ್ಲ ಎದೆಗೆ ಒತ್ತಿ ಉಸಿರು ಕಟ್ಟುತ್ತದೆ. ಅದು ಒದ್ದಾಡುತ್ತದೆ, ನೀವು ಕುಯ್ಯುತ್ತೀರಿ. ಮೊದಲ ದಿನದ ಎಷ್ಟೋ ಗಾಯಗಳು ಆಗುವುದು ಕತ್ತರಿಯ ತಪ್ಪಿನಿಂದಲ್ಲ, ಹೊಟ್ಟೆ ತುಂಬಿದ್ದರಿಂದ. ಜೊತೆಗೆ ಖಾಲಿ ಹೊಟ್ಟೆಯ ಕುರಿ ಕತ್ತರಿಸುವ ಜಾಗದಲ್ಲಿ ಹಿಕ್ಕೆ ಹಾಕುವುದೂ ಕಡಿಮೆ. ಇಬ್ಬನಿ ಬಿದ್ದ ಮೈಯಾದರೆ ಬಿಸಿಲೇರುವವರೆಗೆ ಕಾಯಿರಿ. ಒದ್ದೆ ಉಣ್ಣೆ ಅಲಗಿಗೆ ಮೆತ್ತಿಕೊಂಡು ಜಾರುತ್ತದೆ, ಚೀಲದಲ್ಲಿ ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ. ಹಿಂದಿನ ದಿನವೇ ಮೈಗೆ ಅಂಟಿದ ನೆಗ್ಗಿಲು ಮುಳ್ಳು, ಊಬು, ಜಾಲಿ ಕಡ್ಡಿ ತೆಗೆದಿಡಿ. ಒಂದು ಮುಳ್ಳಿನ ಮೇಲೆ ಅಲಗು ಓಡಿದರೆ ಅದರ ಹರಿತ ಹೋಯಿತು.

ಈಗ ಆಯುಧ. ಮೂವತ್ತು ಕುರಿಗೆ ಮೆಷಿನ್ ಬೇಡ. ಕೈಕತ್ತರಿಯಲ್ಲಿ ಎರಡು ಬಗೆ. ಒಂದು, ನಮ್ಮ ಕುಲುಮೆಗಳಲ್ಲಿ ಬಡಿಯುವ, ನಡುವೆ ಕೀಲಿರುವ ಎರಡು ಅಲಗಿನ ಕತ್ತರಿ. ಇನ್ನೊಂದು, ಒಂದೇ ಉಕ್ಕಿನ ಪಟ್ಟಿಯನ್ನು ಬಿಲ್ಲಿನಂತೆ ಬಗ್ಗಿಸಿ ಮಾಡಿದ್ದು. ಹಿಡಿ ಒತ್ತಿದರೆ ಮುಚ್ಚುತ್ತದೆ, ಸಡಿಲಿಸಿದರೆ ತಾನೇ ತೆರೆದುಕೊಳ್ಳುತ್ತದೆ. ಕಲಿಯಲು ಎರಡನೆಯದೇ ವಾಸಿ. ತೆರೆಯುವ ಕೆಲಸ ಸ್ಪ್ರಿಂಗಿನದಾದ್ದರಿಂದ ಬೆರಳು ಸೋಲುವುದಿಲ್ಲ. ಅಲಗು ಆರು ಅಂಗುಲದ ಆಸುಪಾಸು ಇದ್ದರೆ ಸಾಕು. ಉದ್ದದ ಅಲಗಿನ ತುದಿ ಎಲ್ಲಿದೆ ಅನ್ನುವುದು ಹೊಸಬರಿಗೆ ಗೊತ್ತಾಗುವುದಿಲ್ಲ.

ಹರಿತ ಮಾಡುವಾಗ ಅನೇಕರು ಒಂದೇ ತಪ್ಪು ಮಾಡುತ್ತಾರೆ: ಅಲಗಿನ ಒಳಮೈ ಉಜ್ಜುತ್ತಾರೆ. ಎರಡು ಅಲಗು ಒಂದಕ್ಕೊಂದು ತಾಗಿ ಜಾರುವ ಆ ಮೈ ಚಪ್ಪಟೆಯಾಗಿಯೇ ಇರಬೇಕು. ಅದನ್ನು ಉಜ್ಜಿದರೆ ನಡುವೆ ಸಂದು ಬಿದ್ದು, ಉಣ್ಣೆ ಕತ್ತರಿಸದೆ ಮಡಚಿಕೊಂಡು ಒಳಗೆ ಸೇರುತ್ತದೆ. ಹೊರಗಿನ ಇಳಿಜಾರನ್ನು ಮಾತ್ರ, ಅದು ಇರುವ ಓರೆಯಲ್ಲೇ, ಸಾಣೆಕಲ್ಲಿಗೆ ನೀರು ಹಾಕಿ ಬುಡದಿಂದ ತುದಿಗೆ ಒಂದೇ ಎಳೆತದಲ್ಲಿ ಉಜ್ಜಿ. ಅಂಚಿನಲ್ಲಿ ಎದ್ದ ಸಣ್ಣ ಸುರುಳಿಯನ್ನು ಒಳಮೈಗೆ ಕಲ್ಲು ಚಪ್ಪಟೆಯಾಗಿ ಇಟ್ಟು ಒಂದೇ ಒಂದು ಸಲ ಹಗುರಾಗಿ ಸವರಿ ತೆಗೆಯಿರಿ. ಒಂದಿಷ್ಟು ಬಿಡಿ ಉಣ್ಣೆ ಹಿಡಿದು ಕತ್ತರಿಸಿ ನೋಡಿ. ತುದಿಯಲ್ಲೂ ಬುಡದಲ್ಲೂ ಒಂದೇ ತರ ಹರಿದರೆ ಸರಿ. ನಮ್ಮ ಬಯಲು ಕುರಿಯ ಉಣ್ಣೆಯಲ್ಲಿ ಜಿಡ್ಡು ಕಡಿಮೆ, ಮಣ್ಣು ಹೆಚ್ಚು. ಆದ್ದರಿಂದ ನಾಲ್ಕೈದು ಕುರಿಗೊಮ್ಮೆ ಸಾಣೆ ಕೊಡಬೇಕಾದೀತು. ಮೊಂಡು ಕತ್ತರಿ ಚರ್ಮ ಕುಯ್ಯುವುದಿಲ್ಲ ಅಂತ ಧೈರ್ಯ ಮಾಡಬೇಡಿ. ಮೊಂಡಾದಷ್ಟೂ ನೀವು ಉಣ್ಣೆ ಎಳೆಯುತ್ತೀರಿ, ಎಳೆದಷ್ಟೂ ಚರ್ಮ ಮೇಲೆ ಬರುತ್ತದೆ.

ಅಲ್ಪಾಕಾ ವಿಷಯಕ್ಕೆ ಬರೋಣ. ಅದು ಪೆರು, ಬೊಲಿವಿಯಾ ದೇಶಗಳ ಎತ್ತರದ ಬೆಟ್ಟಗಳ ಪ್ರಾಣಿ, ಒಂಟೆಯ ವಂಶದ್ದು. ಉದ್ದ ಕತ್ತು, ಉದ್ದ ಕಾಲು, ಬಲವಾದ ಒದೆತ. ಹಿಡಿದು ಕೂರಿಸಿದರೆ ಸುಮ್ಮನಿರುವುದಿಲ್ಲ. ಅದಕ್ಕೇ ಮುಂಗಾಲು ಒಂದು ಕಡೆ, ಹಿಂಗಾಲು ಇನ್ನೊಂದು ಕಡೆ ಹಗ್ಗ ಕಟ್ಟಿ, ಚಾಪೆಯ ಮೇಲೆ ಉದ್ದಕ್ಕೆ ಮಲಗಿಸಿ, ಒಬ್ಬರು ತಲೆ ಹಿಡಿದು ಕತ್ತರಿಸುತ್ತಾರೆ. ಕುರಿಯ ಸ್ವಭಾವ ಬೇರೆ. ನಾಲ್ಕೂ ಕಾಲು ನೆಲ ಬಿಟ್ಟು, ಚಪ್ಪೆಯ ಮೇಲೆ ಕೂತು, ಬೆನ್ನು ನಿಮ್ಮ ಮೊಣಕಾಲಿಗೆ ಒರಗಿತೆಂದರೆ ಕುರಿ ಸಪ್ಪಗಾಗುತ್ತದೆ. ಹೀಗೆ ಕೂರಿಸಿ ಕತ್ತರಿಸುವ ಕ್ರಮವನ್ನು ನ್ಯೂಜಿಲೆಂಡಿನ ಗಾಡ್‌ಫ್ರೀ ಬೋವೆನ್ ಜಗತ್ತಿಗೆಲ್ಲ ಪರಿಚಯಿಸಿದರು. ನಮ್ಮಲ್ಲಿ ಹಿಂದಿನಿಂದಲೂ ಮಗ್ಗುಲಾಗಿ ಮಲಗಿಸಿ, ಮೂರು ಕಾಲು ಸೇರಿಸಿ ಕಟ್ಟಿ ಕತ್ತರಿಸುವುದು ರೂಢಿ. ಬೋವೆನ್ ಕ್ರಮ ಕಲಿಯಲು ನೂರಾರು ಕುರಿ ಬೇಕು, ನಿಮ್ಮಲ್ಲಿರುವುದು ಮೂವತ್ತು. ನಮ್ಮ ರೂಢಿಯಲ್ಲೇ ಮಾಡಿ, ಜೊತೆಗೊಬ್ಬರು ಇರಲಿ.

ಗಟ್ಟಿ ನೆಲದ ಮೇಲೆ ಟಾರ್ಪಾಲು ಹಾಸಿ. ನೆರಳಿರಬೇಕು, ಬೆಳಕೂ ಇರಬೇಕು. ಕುರಿಯನ್ನು ಉಣ್ಣೆ ಹಿಡಿದು ಎಳೆದು ತರಬೇಡಿ. ಚರ್ಮದ ಕೆಳಗೆ ರಕ್ತ ಕಟ್ಟುತ್ತದೆ. ಒಂದು ಕೈ ಗದ್ದದ ಕೆಳಗೆ, ಇನ್ನೊಂದು ಚಪ್ಪೆಯ ಮೇಲೆ. ತಲೆಯನ್ನು ಅದರ ಪಕ್ಕೆಯ ಕಡೆಗೆ ತಿರುಗಿಸುತ್ತ ನೀವು ಒಂದು ಹೆಜ್ಜೆ ಹಿಂದೆ ಬಂದರೆ ಹಿಂಗಾಲು ಕುಸಿದು ತಾನೇ ಕೂರುತ್ತದೆ. ಅಲ್ಲಿಂದ ಮಗ್ಗುಲಿಗೆ ಒರಗಿಸಿ. ಎರಡು ಮುಂಗಾಲು, ನೆಲದ ಕಡೆಯ ಒಂದು ಹಿಂಗಾಲು, ಈ ಮೂರನ್ನು ಮೆತ್ತನೆಯ ಹತ್ತಿ ಹಗ್ಗದಲ್ಲಿ ಎಳೆದರೆ ಬಿಚ್ಚುವ ಗಂಟು ಹಾಕಿ ಕಟ್ಟಿ. ಮೇಲಿನ ಹಿಂಗಾಲು ಜೊತೆಗಾರರ ಕೈಯಲ್ಲಿರಲಿ. ಕತ್ತಿನ ಮೇಲೆ ಮೊಣಕಾಲು ಊರಬಾರದು. ಎಡಗಡೆಯ ಪಕ್ಕೆ ಡೋಲಿನಂತೆ ಉಬ್ಬುತ್ತಾ ಬಂದರೆ, ಉಸಿರು ಕಟ್ಟಿದಂತೆ ಕಂಡರೆ, ಅರ್ಧ ಕತ್ತರಿಸಿದ್ದರೂ ಸರಿ, ಹಗ್ಗ ಬಿಚ್ಚಿ ನಿಲ್ಲಿಸಿಬಿಡಿ.

ಇನ್ನು ಎಡಗೈ. ಬಲಗೈ ಕತ್ತರಿ ಆಡಿಸುತ್ತದೆ ಅಷ್ಟೆ. ಕುರಿಯ ಚರ್ಮ ಉಳಿಸುವುದು ಎಡಗೈ. (ಎಡಚರು ಇದನ್ನೆಲ್ಲ ತಿರುಗಿಸಿ ಓದಿಕೊಳ್ಳಿ.) ಕುರಿಯ ಚರ್ಮ ತೆಳು, ಸಡಿಲ, ಮಾಂಸದ ಮೇಲೆ ಅತ್ತಿತ್ತ ಜಾರುತ್ತದೆ. ಹೊಸಬರ ಕೈ ತಾನಾಗಿಯೇ ಉಣ್ಣೆಯ ಗೊಂಚಲನ್ನು ಹಿಡಿದು ಮೇಲಕ್ಕೆತ್ತುತ್ತದೆ, ತಲೆಗೂದಲು ಕತ್ತರಿಸುವವರು ಎತ್ತುವ ಹಾಗೆ. ಎತ್ತಿದ ಕ್ಷಣ ಉಣ್ಣೆಯ ಬುಡದ ಚರ್ಮವೂ ಗುಡಾರದಂತೆ ಮೇಲೇಳುತ್ತದೆ. ಅಲಗು ಅದರ ಮೇಲೇ ಮುಚ್ಚುತ್ತದೆ. ಆದ್ದರಿಂದ ಉಣ್ಣೆ ಹಿಡಿಯಬೇಡಿ. ಅಂಗೈ ಚಪ್ಪಟೆ ಮಾಡಿ, ಈಗಷ್ಟೇ ಕತ್ತರಿಸಿ ಬೋಳಾದ ಜಾಗದ ಮೇಲೆ ಊರಿ, ಕತ್ತರಿ ಹೋಗುವ ದಿಕ್ಕಿಗೆ ಎದುರಾಗಿ ಚರ್ಮವನ್ನು ಹಿಂದಕ್ಕೆ ಎಳೆದು ಹಿಡಿಯಿರಿ. ತಮಟೆಯ ಚರ್ಮದ ಹಾಗೆ ಬಿಗಿಯಾದ ಮೇಲೇ ಕತ್ತರಿ ಮುಂದೆ ಹೋಗಲಿ. ಪ್ರತಿ ಎಳೆತಕ್ಕೂ ಮೊದಲು ಎಡಗೈ, ಆಮೇಲೆ ಬಲಗೈ. ಮೊದಲ ಎರಡು ದಿನ ಇದನ್ನು ಬಾಯಲ್ಲಿ ಹೇಳಿಕೊಂಡೇ ಮಾಡಿದರೂ ನಾಚಿಕೆಯಿಲ್ಲ.

ಕತ್ತರಿಯ ಕೆಳಗಿನ ಅಲಗು ಚರ್ಮಕ್ಕೆ ಚಪ್ಪಟೆಯಾಗಿ ಒರಗಿ ಜಾರುತ್ತಿರಬೇಕು. ಕದಲುವುದು ಮೇಲಿನ ಅಲಗು ಮಾತ್ರ. ತುದಿ ಕೆಳಕ್ಕೆ ಬಾಗಿದರೆ ಚುಚ್ಚುತ್ತದೆ, ಮೇಲಕ್ಕೆ ಎದ್ದರೆ ಉಣ್ಣೆ ಅರ್ಧದಲ್ಲಿ ತುಂಡಾಗಿ ಮೈಮೇಲೆ ಮೆಟ್ಟಿಲು ಮೆಟ್ಟಿಲಾಗುತ್ತದೆ. ಆ ಮೆಟ್ಟಿಲು ಸರಿ ಮಾಡಲು ಮತ್ತೆ ಅಲ್ಲೇ ಕತ್ತರಿ ಹಾಕುವ ಚಪಲ ಬರುತ್ತದೆ. ಬೇಡ. ಎರಡನೆಯ ಸಲ ಬೀಳುವ ಅರ್ಧ ಅಂಗುಲದ ಚೂರುಗಳು ನೂಲಿಗೆ ಬರುವುದಿಲ್ಲ, ಒಳ್ಳೆಯ ಉಣ್ಣೆಗೆ ಬೆರೆತು ಕಂಬಳಿಯಿಂದ ಉದುರುತ್ತವೆ. ಕುರಿ ನೋಡಲು ಚೆಂದ ಕಾಣದಿದ್ದರೆ ಏನಂತೆ, ಎರಡು ವಾರದಲ್ಲಿ ಎಲ್ಲ ಒಂದೇ ಸಮ ಆಗುತ್ತದೆ. ಚರ್ಮಕ್ಕೆ ಅಂಟಿಸಿ ನುಣ್ಣಗೆ ಬೋಳಿಸಲೂ ಹೋಗಬೇಡಿ. ಅರ್ಧ ಸೆಂಟಿಮೀಟರಿನಷ್ಟು ಉಳಿದರೆ ಬಿಳಿ ಕುರಿಯ ಮೈ ಬಿಸಿಲಿಗೆ ಸುಡುವುದಿಲ್ಲ.

ಕ್ರಮ ಹೀಗಿರಲಿ. ಬಾಲದ ಸುತ್ತ, ತೊಡೆಯ ಹಿಂದೆ ಹಿಕ್ಕೆ ಅಂಟಿದ ಉಣ್ಣೆಯನ್ನು ಮೊದಲೇ ತೆಗೆದು ದೂರ ಹಾಕಿ. ಹೊಟ್ಟೆಯಲ್ಲಿ ಏನಾದರೂ ಇದ್ದರೆ ಅದನ್ನೂ ಬೇರೆ ತೆಗೆಯಿರಿ. ಆಮೇಲೆ ಹೊಟ್ಟೆಯ ಅಂಚಿನಿಂದ ಶುರು ಮಾಡಿ ಬೆನ್ನುಮೂಳೆಯ ಕಡೆಗೆ ಏರುತ್ತ, ಹಿಂಗಾಲಿನಿಂದ ಹೆಗಲಿನವರೆಗೆ ಉದ್ದುದ್ದ ಸಾಲು ಹೊಡೆಯಿರಿ, ಉಳುಮೆಯ ಸಾಲಿನ ಹಾಗೆ ಒಂದರ ಪಕ್ಕ ಒಂದು. ಬೆನ್ನುಮೂಳೆ ದಾಟಿ ಎರಡು ಸಾಲು ಆಚೆಗೂ ಹೋದರೆ, ಮಗ್ಗುಲು ಬದಲಿಸಿದಾಗ ಗುರುತು ಸಿಗುತ್ತದೆ. ಕತ್ತನ್ನು ಕೊನೆಗೆ ಇಟ್ಟುಕೊಳ್ಳಿ. ಅಲ್ಲಿ ಜೊತೆಗಾರರು ಗದ್ದ ಹಿಡಿದು ತಲೆಯನ್ನು ಹಿಂದಕ್ಕೆ ಚಾಚಿದರೆ ಗಂಟಲಿನ ಸುಕ್ಕು ಬಿಡಿಸಿಕೊಳ್ಳುತ್ತದೆ. ಮಗ್ಗುಲು ಬದಲಿಸುವಾಗ ಹಗ್ಗ ಬಿಚ್ಚಿ, ಕಾಲನ್ನು ಹೊಟ್ಟೆಯಡಿಯಿಂದ ತಿರುಗಿಸಿ ಮತ್ತೆ ಕಟ್ಟಿ. ಒಂದೊಂದು ಮಗ್ಗುಲಿಗೆ ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ಕಟ್ಟಿಡಬೇಡಿ.

ಕೆಲವು ಜಾಗಗಳಲ್ಲಿ ಕತ್ತರಿ ನಿಲ್ಲಿಸಿ, ಬೆರಳಿಂದ ಮುಟ್ಟಿ ನೋಡಿ ಮುಂದುವರಿಯಬೇಕು. ತೊಡೆಗೂ ಪಕ್ಕೆಗೂ ನಡುವೆ ರೆಕ್ಕೆಯಂತೆ ಜೋತಾಡುವ ಚರ್ಮ ಅವುಗಳಲ್ಲಿ ಮೊದಲನೆಯದು. ಹೊಸಬರ ಕತ್ತರಿ ಹೆಚ್ಚಾಗಿ ಕುಯ್ಯುವುದು ಇದನ್ನೇ. ಜೊತೆಗಾರರು ಮೇಲಿನ ಹಿಂಗಾಲಿನ ತೊಡೆಯನ್ನು ಮಂಡಿಯ ಮೇಲ್ಗಡೆ ಅಂಗೈಯಿಂದ ಒತ್ತಿದರೆ ಕಾಲು ನೇರ ಚಾಚುತ್ತದೆ, ಆ ಚರ್ಮ ಬಿಗಿಯಾಗುತ್ತದೆ. ಹೆಣ್ಣು ಕುರಿಯ ಕೆಚ್ಚಲಿನ ಹತ್ತಿರ ಬಂದಾಗ ಎರಡೂ ಮೊಲೆತೊಟ್ಟುಗಳನ್ನು ಎಡಗೈಯ ಬೆರಳಿಂದ ಮುಚ್ಚಿಕೊಂಡೇ ಕತ್ತರಿಸಿ. ತೊಟ್ಟು ತುಂಡಾದರೆ ಕುರಿ ಆ ತೊಟ್ಟಿನಿಂದ ಮುಂದಿನ ಮರಿಗೆ ಹಾಲು ಕೊಡಲಾರದು. ಇನ್ನೂ ಈಯದ ಎಳೆ ಕುರಿಯಲ್ಲಿ ತೊಟ್ಟು ಬಟಾಣಿಯಷ್ಟೇ ಇದ್ದು ಉಣ್ಣೆಯಲ್ಲಿ ಅಡಗಿರುತ್ತದೆ, ಅದಕ್ಕೇ ಹೆಚ್ಚು ಅಪಾಯ. ಟಗರಿನ ಹೊಟ್ಟೆಯಡಿಯ ಮೂತ್ರದ ತೊಗಲಿಗೂ ಇದೇ ಎಚ್ಚರ. ಹಿಂಗಾಲಿನ ಕೀಲಿನ ಹಿಂದೆ ಹುರಿಯಂತಿರುವ ಸ್ನಾಯುರಜ್ಜು ತುಂಡಾದರೆ ಕುರಿ ಮತ್ತೆ ಸರಿಯಾಗಿ ನಡೆಯದು. ಅಲ್ಲಿ ಉಣ್ಣೆ ಇದ್ದರೂ ಬಿಟ್ಟುಬಿಡಿ. ಕಿವಿ, ಕಂಕುಳು, ಬಾಲದ ಬುಡ, ಹೆಣ್ಣು ಕುರಿಯ ಯೋನಿಯ ಸುತ್ತ ಅಲಗಿನ ತುದಿಯಿಂದ ಸಣ್ಣ ಸಣ್ಣದಾಗಿ.

ಮೊದಲ ದಿನ ನಾಲ್ಕು ಕುರಿ ಸಾಕು. ಒಂದಕ್ಕೆ ಮುಕ್ಕಾಲು ಗಂಟೆ ಹಿಡಿದರೂ ಗಾಬರಿ ಬೇಡ. ವಾರದ ಕೊನೆಗೆ ಇಪ್ಪತ್ತು ನಿಮಿಷಕ್ಕೆ ಇಳಿಯುತ್ತದೆ. ಬೆನ್ನು ಸೋತ ಮೇಲೆ ಕತ್ತರಿಸುವ ಐದನೆಯ ಕುರಿಯೇ ಗಾಯಗೊಳ್ಳುವುದು. ಶುರು ಯಾವುದರಿಂದ ಮಾಡುವುದು? ಮೈ ತುಂಬಿಕೊಂಡ, ಸಾಧು ಸ್ವಭಾವದ ನಡುವಯಸ್ಸಿನ ಹೆಣ್ಣು ಕುರಿಯಿಂದ. ಬಡಕಲು ಕುರಿಯ ಪಕ್ಕೆಲುಬಿನ ಏರಿಳಿತದಲ್ಲಿ ಅಲಗು ಸಿಕ್ಕಿಕೊಳ್ಳುತ್ತದೆ. ಕತ್ತಿನಲ್ಲೋ ಕಿವಿಯ ಕೆಳಗೋ ಕೀವಿನ ಗಂಟು ಇರುವ ಕುರಿಗಳನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ. ಆ ಗಂಟು ಒಡೆದರೆ ಕೀವು ಕತ್ತರಿಗೆ ಹತ್ತಿ, ಮುಂದಿನ ಕುರಿಯ ಸಣ್ಣ ಗೀರಿನಿಂದ ರೋಗ ಒಳಗೆ ಹೋಗುತ್ತದೆ. ಕುರಿಯಿಂದ ಕುರಿಗೆ ಹೋಗುವಾಗ ಅಲಗನ್ನು ಸ್ಪಿರಿಟಿನ ಬಟ್ಟೆಯಿಂದ ಒರೆಸಿ, ಒಂದು ಹನಿ ಎಣ್ಣೆ ಬಿಡಿ.

ಗೀರು ಆಗಿಯೇ ಆಗುತ್ತದೆ. ಮೇಲ್ಚರ್ಮದ್ದಾದರೆ ಪೊವಿಡೋನ್ ಅಯೋಡಿನ್ ಹಚ್ಚಿ, ಸುತ್ತ ಬೇವಿನೆಣ್ಣೆ ಸವರಿದರೆ ನೊಣ ಕೂರುವುದಿಲ್ಲ. ಚರ್ಮ ಬಾಯಿ ಬಿಟ್ಟು ಒಳಗಿನ ಕೆಂಪು ಕಂಡರೆ, ಎರಡು ಅಂಗುಲ ದಾಟಿದರೆ ಹೊಲಿಗೆ ಬೇಕು. ಗೋಣಿ ಸೂಜಿ ಹಿಡಿಯದೆ ಪಶುವೈದ್ಯರನ್ನು ಕರೆಸಿ. ಪಶುಸಂಜೀವಿನಿ ಸಂಚಾರಿ ಪಶುಚಿಕಿತ್ಸಾ ಸೇವೆಯ 1962ಕ್ಕೆ ಫೋನ್ ಮಾಡಬಹುದು. ರಕ್ತ ನಿಲ್ಲದಿದ್ದರೆ ಶುಭ್ರ ಬಟ್ಟೆ ಮಡಚಿ ಐದು ನಿಮಿಷ ಒತ್ತಿ ಹಿಡಿಯಿರಿ. ನಡುನಡುವೆ ಎತ್ತಿ ಇಣುಕಬೇಡಿ. ಗಾಯವಾದ ಕುರಿಗಳಿಗೆ ಬಣ್ಣದ ಗುರುತು ಹಾಕಿ, ಒಂದು ವಾರ ದಿನಾ ನೋಡಿ. ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳು ಆಗಬಹುದು. ಧನುರ್ವಾಯುವಿನ ಅಪಾಯ ಇನ್ನೂ ದೊಡ್ಡದು. ಆ ರೋಗಾಣು ರೊಪ್ಪದ ಗೊಬ್ಬರದಲ್ಲೇ ಇರುತ್ತದೆ, ಆಳದ ಗಾಯದಲ್ಲಿ ಬೆಳೆಯುತ್ತದೆ. ಎರಡು ಮೂರು ವಾರದೊಳಗೆ ಕುರಿ ಮರದ ಕುದುರೆಯಂತೆ ಕಾಲು ಸೆಟೆದು ನಡೆದರೆ, ದವಡೆ ಬಿಗಿದರೆ, ಉಳಿಸುವುದು ಕಷ್ಟ. ಕಟಾವಿಗೆ ತಿಂಗಳ ಮೊದಲೇ ಇದರ ಲಸಿಕೆಯ ಬಗ್ಗೆ ನಿಮ್ಮ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ನೀವೂ ಧನುರ್ವಾಯುವಿನ ಇಂಜೆಕ್ಷನ್ ಹಾಕಿಸಿಕೊಂಡಿರಿ, ಕತ್ತರಿಗೆ ನಿಮ್ಮ ಬೆರಳೂ ಒಂದೇ.

ಮುಂದೊಂದು ದಿನ ಮಂದೆ ನೂರು ದಾಟಿ ಮೆಷಿನ್ ಕೊಂಡರೆ ಮೂರು ಸಂಗತಿ ನೆನಪಿರಲಿ. ಚರ್ಮದ ಮೇಲೆ ಜಾರುವ ಕೆಳಗಿನ ಬಾಚಣಿಗೆಗೆ ಸಾಮಾನ್ಯವಾಗಿ 13 ಹಲ್ಲು, ಮೇಲೆ ಓಡಾಡುವ ಕಟ್ಟರಿಗೆ 4. ಕಟ್ಟರಿನ ತುದಿ ಬಾಚಣಿಗೆಯ ತುದಿಗಿಂತ ಕೆಲವು ಮಿಲಿಮೀಟರ್ ಹಿಂದೆಯೇ ಇರಬೇಕು; ಸಮಕ್ಕೆ ಬಂದರೆ ಚರ್ಮ ಹರಿಯುತ್ತದೆ. ಬಿಗಿ ಮಾಡುವ ತಿರುಪನ್ನು ಉಣ್ಣೆ ಹರಿಯುವಷ್ಟಕ್ಕೆ ಮಾತ್ರ ತಿರುಗಿಸಿ. ಹೆಚ್ಚು ಬಿಗಿದರೆ ಅಲಗು ಕಾದು ಕುರಿಯ ಮೈ ಸುಡುತ್ತದೆ. ಒಂದೆರಡು ಕುರಿಗೊಮ್ಮೆ ಎಣ್ಣೆ ಹಾಕಿ, ಬಾಚಣಿಗೆಯನ್ನು ಕೈಯ ಹಿಂಬದಿಗೆ ಮುಟ್ಟಿಸಿ ಬಿಸಿ ನೋಡಿ.

ಕತ್ತರಿಸಿದ ಕುರಿಗೆ ಅಂದೇ ನೀರು, ಮೇವು ಧಾರಾಳ ಕೊಡಿ. ಮೈಯ ಹೊದಿಕೆ ಹೋದದ್ದರಿಂದ ಬಿಸಿ ಉಳಿಸಿಕೊಳ್ಳಲು ಅದಕ್ಕೆ ಹೆಚ್ಚು ತಿನ್ನಬೇಕಾಗುತ್ತದೆ. ಎರಡು ವಾರ ರಾತ್ರಿ ಗಾಳಿ ಬೀಸದ ಕಡೆ ಕಟ್ಟಿ. ಅಕಾಲ ಮಳೆಗೆ ನೆನೆದು ಗಾಳಿಗೆ ನಿಂತರೆ ಆರೋಗ್ಯವಂತ ಕುರಿಯೂ ಒಂದೇ ರಾತ್ರಿಯಲ್ಲಿ ಸಾಯಬಹುದು. ಬೋಳಾದ ಮೈಯಲ್ಲಿ ಉಣ್ಣಿ, ಹೇನು, ಕಜ್ಜಿ ಎಲ್ಲ ಎದ್ದು ಕಾಣುತ್ತವೆ. ಗಾಯ ಒಣಗಿದ ಮೇಲೆ, ಅಂದರೆ ಹತ್ತು ಹದಿನೈದು ದಿನ ಬಿಟ್ಟು, ವೈದ್ಯರು ಹೇಳಿದ ಔಷಧಿಯನ್ನು ಸೀಸೆಯ ಮೇಲಿನ ಅಳತೆಯಲ್ಲೇ ಕಲಸಿ ಮೈ ತೊಳೆಯಿರಿ. ಅಂದು ಬೆಳಿಗ್ಗೆ ಮೊದಲು ಹೊಟ್ಟೆ ತುಂಬ ನೀರು ಕುಡಿಸಿ, ಇಲ್ಲದಿದ್ದರೆ ಬಾಯಾರಿ ಔಷಧಿಯ ನೀರನ್ನೇ ನೆಕ್ಕುತ್ತವೆ.

ಉಣ್ಣೆಯ ಮಾತು. ಒಂದು ಕುರಿಗೆ ಕಾಲು ಕಿಲೊದಿಂದ ಅರ್ಧ ಕಿಲೊ ಸಿಕ್ಕೀತು. ಮಂದೆಯೆಲ್ಲ ಸೇರಿ ಹತ್ತು ಕಿಲೊ ಆಸುಪಾಸು. ಇದರಿಂದ ದುಡ್ಡು ಮಾಡುವ ಆಸೆ ಬೇಡ, ಕತ್ತರಿಸುವುದು ಕುರಿಯ ಸುಖಕ್ಕೆ. ಆದರೂ ಕರಿ, ಬಿಳಿ ಬೇರೆ ಬೇರೆ ಕಟ್ಟಿ. ಚಳ್ಳಕೆರೆ ಕಡೆಯ ಕಂಬಳಿ ನೇಯುವವರಿಗೆ ಅಪ್ಪಟ ಕರಿ ಉಣ್ಣೆ ಬೇಕು, ಅದಕ್ಕೆ ಬಣ್ಣ ಹಾಕುವ ಖರ್ಚಿಲ್ಲ. ಮರಿಗಳ ಮೊದಲ ಕಟಾವು ಎಲ್ಲಕ್ಕಿಂತ ಮೃದು, ಅದನ್ನು ದೊಡ್ಡವುಗಳದ್ದಕ್ಕೆ ಬೆರೆಸಬೇಡಿ. ರಸಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ತುಂಬಬೇಡಿ; ಅದರ ಎಳೆ ಬಿಟ್ಟುಕೊಂಡು ಉಣ್ಣೆಗೆ ಸೇರಿದರೆ ನೂಲುವವರು ಆರಿಸಿ ಸುಸ್ತಾಗುತ್ತಾರೆ. ಬಟ್ಟೆಯ ಚೀಲ ಒಳ್ಳೆಯದು. ಹಿಕ್ಕೆ ಅಂಟಿದ್ದು, ಚೂರುಪಾರು ಉಳಿದದ್ದನ್ನು ಎಸೆಯದೆ ತೆಂಗಿನ ಪಾತಿಗೆ ಹಾಕಿ. ಉಣ್ಣೆ ನೀರು ಹಿಡಿದಿಡುತ್ತದೆ, ನಿಧಾನವಾಗಿ ಕೊಳೆತು ಸಾರಜನಕ ಕೊಡುತ್ತದೆ. ಮೇಲೆ ಒಂದು ಗೇಣು ಮಣ್ಣು ಮುಚ್ಚಿ, ಇಲ್ಲದಿದ್ದರೆ ನಾಯಿಗಳು ವಾಸನೆ ಹಿಡಿದು ಬಂದು ರಾತ್ರಿಯೆಲ್ಲ ಕೆದರಿ ತೋಟದ ತುಂಬ ಹರಡುತ್ತವೆ.